ಇಲ್ಲ ಎನ್ನುವುದಕ್ಕೆ ಸಾಕ್ಷಿ

ಅವರ ಬಲಗೈ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ರಾಗಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳಿದ್ದವು. ಕಿಡಿ ಸಿಡಿದು ಸುಟ್ಟ ಕಲೆಗಳು. ಆ ಕೈ ಮೇಲೆ ಒಂದು ಕೂದಲೂ ಇರಲಿಲ್ಲ. ಇದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ಆದರೆ ಇದು ತಪ್ಪಿರಬೇಕು. ಕಬ್ಬಿಣದ ಕೆಲಸದವರು ಬಲಗೈಯಲ್ಲಿ ಸುತ್ತಿಗೆ ಹಿಡಿಯುತ್ತಾರೆ. ಕಾದ ಕಬ್ಬಿಣ ಕಚ್ಚಿದ ಇಕ್ಕಳ ಇರುವುದು ಎಡಗೈಯಲ್ಲಿ. ಕಿಡಿ ಹೆಚ್ಚು ಬೀಳುವುದೂ ಎಡಗೈ ಮೇಲೆ. ಹಾಗಾದರೆ ಅವರು ಎಡಚರಾಗಿದ್ದರೇ? ಗೊತ್ತಿಲ್ಲ. ವರ್ಷಗಟ್ಟಲೆ ಅವರೆದುರು ಕೂತು ಹರಟಿದವನು ನಾನು, ಯಾವ ಕೈ ಎಂದು ಖಚಿತವಾಗಿ ಹೇಳಲಾರೆ. ಆದ್ದರಿಂದ ಮುಂದಿನದನ್ನು ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ಬರೆಯುವಾಗ ನನಗೂ ಅದು ಇದೆ.

ಹನೂರಿನಿಂದ ರಾಮಾಪುರದ ಕಡೆಗೆ ಹೋಗುವ ರಸ್ತೆಯ ಪಕ್ಕ, ಒಂದು ಹುಣಸೆ ಮರದ ಕೆಳಗೆ ಅವರ ಕುಲುಮೆ ಇತ್ತು. ಊರೆಲ್ಲ ಅವರನ್ನು ಆಚಾರ್ರು ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ನನ್ನಪ್ಪ ಊರಿನ ಪ್ರೈಮರಿ ಶಾಲೆಯ ಮೇಷ್ಟ್ರಾದ್ದರಿಂದ ಅವರಿಗೆ ನಾನು ‘ಮೇಷ್ಟ್ರ ಮಗ’. ಶಾಗ್ಯದಿಂದ, ಸುತ್ತಲ ಹಳ್ಳಿಗಳಿಂದ ರೈತರು ನೇಗಿಲ ಕುಳ, ಮಚ್ಚು, ಕುಡುಗೋಲು ಹೊತ್ತು ತರುತ್ತಿದ್ದರು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ನೆರಳು ಕಂಡು ಕೂರುತ್ತಿದ್ದರು. ಬೆಂಕಿಗೆ ಗಾಳಿ ಊದುವ ಚಕ್ರವನ್ನು ಅವರ ಹೆಂಡತಿ ತಿರುಗಿಸುತ್ತಿದ್ದರು. ಆಕೆ ಮಾತಿಗೆ ಸೇರುತ್ತಿದ್ದದ್ದು ಕಡಿಮೆ. ಗಂಡನ ಮಾತು ಉದ್ದವಾದರೆ ಚಕ್ರ ನಿಲ್ಲಿಸಿಬಿಡುತ್ತಿದ್ದರು. ಬೆಂಕಿ ಕಂತಿದ್ದು ನೋಡಿ ಆಚಾರ್ರು ಬಾಯಿ ಮುಚ್ಚುತ್ತಿದ್ದರು.

ಹೊಸ ಕಾವು, ಅಂದರೆ ಮರದ ಹಿಡಿ ಹಾಕಿ, ಎಣ್ಣೆ ಸವರಿ ಮಿರಮಿರ ಮಾಡಿದ ಸಂತೆಯ ಮಚ್ಚು ಯಾರಾದರೂ ತಂದು ತೋರಿಸಿದರೆ ಅವರು ಅದನ್ನು ಉಗುರಿನಲ್ಲಿ ತಟ್ಟಿ ಕೇಳುತ್ತಿದ್ದರು. “ಕಬ್ಬುಣ ಸುಳ್ಳೇಳಲ್ಲ ಕಣ್ಲಾ, ಸುಳ್ಳೇಳೋದು ಕಾವು” ಎನ್ನುತ್ತಿದ್ದರು. ಮೊಳೆಗೆ ತೂಗುಹಾಕಿದ ಒಂದು ಟ್ರಾನ್ಸಿಸ್ಟರ್ ಇತ್ತು, ಹೊಗೆ ಹಿಡಿದು ಅದರ ಬಣ್ಣ ಯಾವುದೆಂದೇ ತಿಳಿಯುತ್ತಿರಲಿಲ್ಲ. ವಾರ್ತೆಗೆ ಮುಂಚೆ ಅದರ ಸೆಲ್ಲುಗಳನ್ನು ತೆಗೆದು ಕುಲುಮೆಯ ಅಂಚಿನಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದರು. ಸತ್ತ ಸೆಲ್ಲು ಹತ್ತು ನಿಮಿಷ ಜೀವ ಹಿಡಿಯುತ್ತಿತ್ತು.

ಇನ್ನೊಂದು ಪದ್ಧತಿ ಇತ್ತು. ಮಾಡಿದ ಸಾಮಾನನ್ನು ಅವರು ಎಂದೂ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲೆ ಇಡುತ್ತಿದ್ದರು, ಗಿರಾಕಿ ಬಗ್ಗಿ ಎತ್ತಿಕೊಳ್ಳಬೇಕು. ಕಬ್ಬಿಣ ಕೈಯಿಂದ ಕೈಗೆ ಹೋದರೆ ಇಬ್ಬರ ನಡುವೆ ಜಗಳ ಹುಟ್ಟುತ್ತದೆ ಎಂದು ಆ ಕಡೆ ನಂಬಿಕೆ. ಅವರಪ್ಪ ಹಾಗೆ ಮಾಡುತ್ತಿದ್ದರಂತೆ, ಅವರ ತಾತನೂ ಹಾಗೇ. ನಾನು ಒಮ್ಮೆ ಇದನ್ನು ಮೂಢನಂಬಿಕೆ ಎಂದಿದ್ದಕ್ಕೆ, “ಜಗಳ ಆಗ್ದೆ ಇದ್ರೆ ನಿಂಗೇನ್ಲಾ ಕಷ್ಟ?” ಎಂದು ನಕ್ಕಿದ್ದರು.

ನಾನು ಆಗ ದೂರದ ಊರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದೆ. ಶನಿವಾರ ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸುವಾಗ ಮೂರ್ನಾಲ್ಕು ಪತ್ರಿಕೆ ಕೊಂಡು, ಹನೂರಿನಲ್ಲಿ ಇಳಿದವನು ಮನೆಗೂ ಹೋಗದೆ ಕುಲುಮೆಗೆ ಹೋಗುತ್ತಿದ್ದೆ. ಇರಾಕಿನ ಮೇಲೆ ಅಮೆರಿಕ ಯುದ್ಧಕ್ಕೆ ಸಿದ್ಧವಾಗುತ್ತಿದ್ದ ತಿಂಗಳುಗಳು ಅವು. ಆ ದೇಶದಲ್ಲಿ ಭಯಂಕರ ಅಸ್ತ್ರಗಳಿವೆಯೇ ಎಂದು ಹುಡುಕಲು ಪರೀಕ್ಷಕರು ಹೋಗಿದ್ದರು. ಯುದ್ಧಕ್ಕೆ ಒಪ್ಪಿಗೆ ಕೊಡಬೇಕೋ, ಪರೀಕ್ಷಕರಿಗೆ ಇನ್ನಷ್ಟು ಸಮಯ ಕೊಡಬೇಕೋ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ದೊಡ್ಡ ದೇಶಗಳೇ ಕಚ್ಚಾಡುತ್ತಿದ್ದವು. ನನ್ನ ಪ್ರಬಂಧದ ವಿಷಯವೂ ಅದೇ.

“ಬಾ ಕಣಪ್ಪಾ ಮೇಷ್ಟ್ರ ಮಗ, ನಿನ್ ಲೋಕದ ಪಂಚಾಯ್ತಿ ಯಾನಂತು?” ಎನ್ನುತ್ತಿದ್ದರು ಆಚಾರ್ರು.

“ಇನ್ನೂ ತೀರ್ಮಾನ ಆಗಿಲ್ಲ. ಫ್ರಾನ್ಸು, ಜರ್ಮನಿ, ರಷ್ಯಾ ಬೇಡ ಅಂತಾವೆ.”

“ಅವ್ರಿಗೂ ಅಲ್ಲಿ ಎಣ್ಣೆ ಯಾಪಾರ ಇರ್ಬೇಕು, ನೋಡ್ಲಾ. ಪುಕ್ಸಟ್ಟೆ ಯಾರೂ ಬ್ಯಾಡ ಅನ್ನಲ್ಲ.”

ಕುಡುಗೋಲಿಗೆ ಹಲ್ಲು ಹಾಕಿಸಲು ಬಂದಿದ್ದ ಶಾಗ್ಯದ ರೈತರೊಬ್ಬರು ರೇಗಿದರು. “ಆಚಾರ್ರೇ, ಅಲ್ಲಿ ಯುದ್ಧ ಆಯ್ತದೋ ಬುಡ್ತದೋ, ನನ್ ಕುಡ್ಲು ಇವತ್ತು ಆಯ್ತದಾ ಏಳಿ.”

“ನಿನ್ ಕುಡ್ಲುಗೂ ಮಂಡ್ಳಿ ಒಪ್ಗೆ ಬೇಕು ಕಣಯ್ಯ. ಕೂತ್ಕೊ ಒಸಿ.”

ರೈತ ಗೊಣಗಿಕೊಂಡು ಬೀಡಿ ಹಚ್ಚಿದರು. ಆಚಾರ್ರು ನನ್ನ ಕಡೆ ತಿರುಗಿದರು. “ಅದ್ಸರಿ, ಅಸ್ತ್ರ ಉಡ್ಕಾಕ್ ಓದೋರ್ಗೆ ಏನಾರ ಸಿಕ್ತಾ?”

“ಇಲ್ಲ.”

“ಸಿಗ್ನಿಲ್ಲ ಅಂದ್ರೆ ಇಲ್ಲ ಅಂತ ತಾನೆ?”

“ಅಮೆರಿಕ ಹಂಗನ್ನಲ್ಲ. ಚೆನ್ನಾಗಿ ಬಚ್ಚಿಟ್ಟವ್ರೆ, ಅದಕ್ಕೇ ಸಿಕ್ತಿಲ್ಲ ಅಂತದೆ.”

ಸುತ್ತಿಗೆ ನಿಂತಿತು. ಚಕ್ರವೂ ನಿಂತಿತು. “ಈ ಮಾತ ನಾ ಕೇಳಿವ್ನಿ” ಎಂದರು ಆಚಾರ್ರು.

ಅವರು ತಮ್ಮ ಕತೆ ಹೇಳಿದ್ದು ಅದೇ ದಿನವೇ? ಮನಸ್ಸು ಹೌದು ಎನ್ನುತ್ತದೆ. ನನಗೆ ಅದರ ಮೇಲೆ ನಂಬಿಕೆಯಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಚೆಂದ ಕಾಣುತ್ತದೆಂದು ಇಷ್ಟು ವರ್ಷಗಳಲ್ಲಿ ನಾನೇ ಜೋಡಿಸಿಕೊಂಡಿರಬಹುದು. ಬಹುಶಃ ಎರಡು ಮೂರು ಶನಿವಾರ ತುಂಡು ತುಂಡಾಗಿ ಹೇಳಿದರು. ಕತೆಯ ಮುಖ್ಯ ಭಾಗಗಳನ್ನು ಅವರ ಹೆಂಡತಿಯಿಂದ ಆಮೇಲೆ ಮತ್ತೆ ಕೇಳಿದ್ದೇನೆ, ಅವು ಬದಲಾಗಿಲ್ಲ.

ಅದಕ್ಕೆ ಸುಮಾರು ಹತ್ತು ವರ್ಷ ಹಿಂದಿನ ಮಾತು. ಕಾಡಿನಲ್ಲಿ ದರೋಡೆಕೋರರ ಬೇಟೆ ನಡೆಯುತ್ತಿತ್ತು. ಕಾಡಂಚಿನ ಊರುಗಳಲ್ಲಿ ಪೊಲೀಸರ ಕ್ಯಾಂಪುಗಳಿದ್ದವು. ಕಾಡಿನವರಿಗೆ ನಾಡಬಂದೂಕು ಎಲ್ಲಿಂದ ಬರುತ್ತದೆ? ಯಾವನೋ ಕಬ್ಬಿಣದ ಕೆಲಸದವನೇ ಮಾಡಿಕೊಡಬೇಕು. ಆಚಾರ್ರಿಗೆ ಒಬ್ಬ ತಮ್ಮನಿದ್ದ, ಮದುವೆಯಾಗಿರಲಿಲ್ಲ. ಕುಲುಮೆಗೆ ಇದ್ದಿಲು ತರಲು ಕಾಡಂಚಿಗೆ ಹೋಗಿಬರುವ ಕೆಲಸ ಅವನದು. ಯಾರೋ ಅವನ ಹೆಸರು ಹೇಳಿದರು. ಯಾರೆಂದು ಕೊನೆವರೆಗೂ ತಿಳಿಯಲಿಲ್ಲ.

ಮೊದಲ ಸಲ ಬಂದ ಪೊಲೀಸರು ಇದ್ದಿಲ ರಾಶಿ ಕೆದಕಿದರು. ಎರಡನೆಯ ಸಲ ಕಬ್ಬಿಣ ಬಡಿಯುವ ಅಡಿಗಲ್ಲನ್ನು ಕಿತ್ತು ಅದರ ಕೆಳಗೆ ಅಗೆದರು. ಮೂರನೆಯ ಸಲ ಹೆಂಚು ಇಳಿಸಿದರು, ಅಡುಗೆ ಒಲೆ ಒಡೆದರು. ಏನೂ ಸಿಗಲಿಲ್ಲ. ಸಿಗದೇ ಹೋದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ‘ಮೂರು ಸಲ ಹುಡುಕಿದರೂ ಸಿಗದ ಹಾಗೆ ಇಟ್ಟಿದ್ದಾನೆ ಅಂದರೆ ಸಾಮಾನ್ಯದವನಲ್ಲ’ ಎಂದರಂತೆ. ತಮ್ಮನನ್ನು ಕ್ಯಾಂಪಿಗೆ ಎಳೆದುಕೊಂಡು ಹೋದರು. ಐದನೆಯ ದಿನ ಅಣ್ಣ ನೋಡಲು ಹೋದಾಗ ಅವನು ನಿಲ್ಲಲಾಗದೆ ಗೋಡೆಗೆ ಒರಗಿದ್ದ. ಅಲ್ಲಿನ ಅಧಿಕಾರಿ ಹೇಳಿದ್ದು ಇಷ್ಟೇ: ಬಂದೂಕ ತಂದುಕೊಡು, ತಮ್ಮನ್ನ ಕರ್ಕೊಂಡು ಹೋಗು.

“ಇಲ್ಲ ಅನ್ನೋದ ಎಂಗ್ ತಂದ್ಕೊಡದು, ಏಳು?” ಎಂದು ಆಚಾರ್ರು ನನ್ನನ್ನೇ ಕೇಳಿದರು.

ಅವರು ಮನೆಗೆ ಬಂದು ಬಂದೂಕು ಮಾಡಿದರು.

ಹಿಂದೆ ಎಂದೂ ಮಾಡಿರಲಿಲ್ಲ. ಅವರಪ್ಪ ಯಾರದೋ ಬಂದೂಕು ರಿಪೇರಿ ಮಾಡುವಾಗ ಪಕ್ಕದಲ್ಲಿ ಕೂತು ನೋಡಿದ್ದಷ್ಟೇ. ಗುಜರಿಯಿಂದ ಹಳೆ ಜೀಪಿನ ಸ್ಟೇರಿಂಗ್ ಪೈಪು ತಂದರು. ಹಗಲಿನಲ್ಲಿ, ರಸ್ತೆ ಪಕ್ಕದಲ್ಲಿ, ಎಲ್ಲರ ಕಣ್ಣೆದುರು ಬಡಿದರು. ಹುಣಸೆ ಮರದ ಕೆಳಗೆ ಕುಳ ತಟ್ಟಿಸಲು ಬಂದವರು ಕೂತೇ ಇದ್ದರು. ಒಬ್ಬ ಮಾತ್ರ, “ಅದ್ಯಾನಾ ಆಚಾರ್ರೇ?” ಎಂದನಂತೆ.

“ನೀರ್ ಪೈಪು ಕಣಪ್ಪ ಅಂದೆ. ನೀರ್ ಪೈಪ್ಗೆ ಕುದ್ರೆ ಯಾಕ್ ಮಡುಗ್ತಾ ಇದ್ದೀಯ ಅಂತ ಯಾವ್ ನನ್ಮಗ್ನೂ ಕೇಳ್ನಿಲ್ಲ” ಎಂದು ಆಚಾರ್ರು ನಕ್ಕರು. ಬಂದೂಕಿನ ಕುದುರೆ ಎಂದರೆ ಗುಂಡು ಹಾರಿಸುವಾಗ ಬಡಿಯುವ ಭಾಗ. ಆ ನಗು ನನಗೆ ಸ್ಪಷ್ಟವಾಗಿ ನೆನಪಿದೆ. ಅಂಥ ಜಾಗದಲ್ಲಿ ನಕ್ಕವರನ್ನು ನಾನು ಬೇರೆ ನೋಡಿಲ್ಲ.

ಎರಡು ದಿನದಲ್ಲಿ ಮುಗಿಸಿ, ಹಳೆಯದೆಂದು ಕಾಣಲು ಮಣ್ಣು ತಿಕ್ಕಿ, ಹೊಗೆ ಹಿಡಿಸಿ, ಗೋಣಿಯಲ್ಲಿ ಸುತ್ತಿಕೊಂಡು, ಟಿಕೆಟ್ ತೆಗೆದುಕೊಂಡು ಬಸ್ಸಿನಲ್ಲೇ ಹೋದರು. ಕ್ಯಾಂಪಿನ ಅಂಗಳದಲ್ಲಿ ಅಧಿಕಾರಿ ಕುರ್ಚಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಒಬ್ಬ ಬರೆಯುವವನು. ತಮ್ಮನನ್ನು ಹೊರಗೆ ತಂದು ನಿಲ್ಲಿಸಿದ್ದರು. ಆಚಾರ್ರು ಗೋಣಿ ಬಿಚ್ಚಿದರು. ಹುಟ್ಟಿದಾಗಿನಿಂದ ನೋಡಿ ಕಲಿತದ್ದನ್ನೇ ಮಾಡಿದರು. ಬಂದೂಕನ್ನು ನೆಲದ ಮೇಲೆ ಇಟ್ಟು ಹಿಂದೆ ಸರಿದರು.

ಅಧಿಕಾರಿ ಏಳಲಿಲ್ಲ. ಬಗ್ಗಲೂ ಇಲ್ಲ. ತಮ್ಮನ ಕಡೆ ನೋಡಿ, “ಎತ್ತಿ ಕೊಡೋ” ಎಂದ.

ತಮ್ಮ ಅಣ್ಣನ ಮುಖ ನೋಡಿದ. ಬಗ್ಗಿದ, ಎತ್ತಿದ, ಕೊಟ್ಟ. ಬರೆಯುವವನು ಬರೆದುಕೊಂಡ. ಆರೋಪಿಯ ಕೈಯಿಂದ ವಶ.

“ನಾನ್ ಮಾಡ್ದೆ ಸಾ, ನೆನ್ನೆ ಮುಗಿಸ್ದೆ ಸಾ, ಅವ್ನು ಅದ ನೋಡೇ ಇಲ್ಲ ಸಾ” ಎಂದು ಆಚಾರ್ರು ಕೂಗಿಕೊಂಡರು. ಅಂಗಳದಲ್ಲಿದ್ದವರು ನಕ್ಕರು. ‘ತಮ್ಮನ ಮೇಲೆ ಎಷ್ಟು ಪ್ರೀತಿ ನೋಡ್ರಯ್ಯ’ ಎಂದು ಯಾರೋ ಅಂದರಂತೆ.

“ಇಲ್ಲ ಅಂದಾಗ ನಂಬ್ನಿಲ್ಲ. ಅದೆ ಅಂತ ಕೊಟ್ಟಾಗ ನಂಬುದ್ರು. ನಾನೇ ಮಾಡ್ದೆ ಅಂದಾಗ ತಿರ್ಗಾ ನಂಬ್ನಿಲ್ಲ. ಕೈಗೇ ಕೊಟ್ಟಿದ್ರೆ ನನ್ ಎಸ್ರು ಬರ್ಕತಿದ್ರು ಕಣಪ್ಪ. ನೆಲುಕ್ ಮಡುಗ್ಬುಟ್ಟೆ.”

ಇರಾಕಿನ ಸುದ್ದಿ ಓದುತ್ತಿದ್ದ ನನಗೆ ಇದನ್ನು ಹೇಳುವಾಗ ಅವರ ತಮ್ಮ ಇನ್ನೂ ಜೈಲಿನಲ್ಲೇ ಇದ್ದ. ನಾನು ಓದುತ್ತಿದ್ದ ಊರಿನ ಜೈಲು ಅದು. ಕಾಡಿನವರಿಗೆ ಬಂದೂಕು ಒದಗಿಸಿದ ಆರೋಪ; ಅವನ ವಿರುದ್ಧ ಇದ್ದ ಸಾಕ್ಷಿ ಆ ಬಂದೂಕು. ಅವನಿಗೆ ಎದೆಯ ಕಾಯಿಲೆ ಹಿಡಿದಿತ್ತು. ಅದಕ್ಕೇ ಅವರು ಹೇಳಿದ್ದು, ಕತೆಗಾಗಿ ಅಲ್ಲ.

“ಒಂದ್ ಅರ್ಜಿ ಬರ್ದ್ಕೊಡು. ದೊಡ್ ಕೋರ್ಟ್ಗೆ. ಬಂದೂಕ ಮಾಡ್ದೋನು ನಾನು, ನನ್ನ ಒಳಿಕಾಕಿ, ಅವ್ನ ಬುಡಿ ಅಂತ. ಇಂಗ್ಲೀಷಲ್ಲಿ ಬರಿ, ಓದ್ತರೆ.”

ಅವರ ಹೆಂಡತಿ ಚಕ್ರ ಬಿಟ್ಟು ಎದ್ದು ಬಂದರು. “ಬರ್ಕೊಡಪ್ಪ. ಮೈದ್ನ ಬಿಸಿ ಅನ್ನ ಉಂಡು ಅತ್ವರ್ಸ ಆಯ್ತು.”

ನಾನು ಏನು ಮಾಡಿದೆ? ಪ್ರಶ್ನೆ ಕೇಳಿದೆ. ಬಂದೂಕು ಮಾಡಿದ್ದನ್ನು ನೋಡಿದವರು ಯಾರು? ಹೆಂಡತಿ ಬಿಟ್ಟು ಬೇರೆ ಸಾಕ್ಷಿ ಉಂಟೇ? ನೀರಿನ ಪೈಪು ಎಂದು ನೀವೇ ಹೇಳಿದಿರಲ್ಲ, ಅವತ್ತು ಅದೇನೆಂದು ಕೇಳಿದ ರೈತ ಬಂದೂಕು ನೋಡಿದೆ ಎನ್ನುತ್ತಾನೆಯೇ? ಗುಜರಿಯವನು ಎಲ್ಲಿ? ಅವನು ಸತ್ತಿದ್ದ. ತಮ್ಮನನ್ನು ಉಳಿಸಲು ಅಣ್ಣ ಸುಳ್ಳು ಹೇಳುತ್ತಿದ್ದಾನೆ ಎನ್ನುವುದಿಲ್ಲವೇ? ನನ್ನ ಪ್ರಾಧ್ಯಾಪಕರು ಕಲಿಸಿದ ರೀತಿ ಅದು. ಯಾವುದನ್ನೂ ಸಾಕ್ಷಿಯಿಲ್ಲದೆ ಒಪ್ಪಬೇಡ. ನಾನು ಅದರಲ್ಲಿ ಜಾಣನಾಗಿದ್ದೆ. ಆಚಾರ್ರು ಒಂದೊಂದಕ್ಕೂ ಉತ್ತರ ಹುಡುಕುತ್ತಾ, ಕೊನೆಗೆ ಇಕ್ಕಳ ಕೆಳಗಿಟ್ಟು, “ನೀನೂ ಉಡ್ಕಾಕ್ ಬಂದೋನೆ ಕಣಪ್ಪ” ಎಂದರು. ಬೈದದ್ದಲ್ಲ, ಸುಸ್ತಾದ ದನಿ.

ಆಗ ನಾನು ‘ಮುಂದಿನ ವಾರ ಬರೀತೀನಿ’ ಎಂದೆ. ಹಾಗೆ ನೆನಪು. ‘ನೋಡಾಣ’ ಎಂದಿರುವ ಸಾಧ್ಯತೆಯೇ ಹೆಚ್ಚು. ಒಳಗೊಳಗೆ ನಾನು ಅವರನ್ನು ನಂಬಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ತಮ್ಮ ನಿಜಕ್ಕೂ ಏನೋ ಮಾಡಿದ್ದನೇನೋ, ಅಣ್ಣ ಕತೆ ಕಟ್ಟುತ್ತಿರಬಹುದು ಎಂಬ ಅನುಮಾನ. ಕತೆ ತೀರಾ ಅಚ್ಚುಕಟ್ಟಾಗಿತ್ತು.

ಮಾತು ಬದಲಿಸಲು ನಾನು ಮಂಡಳಿಯ ವಿಷಯಕ್ಕೆ ಬಂದೆ. “ಒಪ್ಪಿಗೆ ಇಲ್ದೆ ಯುದ್ಧ ಆಗಲ್ಲ ಆಚಾರ್ರೇ. ಹೊಸ ನಿರ್ಣಯ ಪಾಸಾಗ್ಬೇಕು. ಅದಕ್ಕೆ ಓಟೇ ಇಲ್ಲ.”

“ಒಪ್ಗೆ ಕೇಳೋನು, ಇಲ್ಲ ಅಂದ್ರೆ ನಿಂತ್ಕತಾನಾ? ನಿಂತ್ಕಳೋನಾಗಿದ್ರೆ ದಂಡ್ನ ಮೊದ್ಲೇ ಯಾಕ್ ಕಳ್ಸಿರನು?” ಎಂದರು.

ನಿರ್ಣಯವನ್ನು ಓಟಿಗೆ ಹಾಕಲೇ ಇಲ್ಲ. ಪರೀಕ್ಷಕರನ್ನು ವಾಪಸು ಕರೆಸಿಕೊಂಡರು. ಬಾಂಬು ಬಿದ್ದದ್ದನ್ನು ನಾನು ಹಾಸ್ಟೆಲಿನ ಟಿವಿಯಲ್ಲಿ ನೋಡಿದೆ. ಮುಂದಿನ ಶನಿವಾರ ಕುಲುಮೆಗೆ ಹೋಗಲು ಕಾಲೇಳಲಿಲ್ಲ. ಅದರ ಮುಂದಿನದಕ್ಕೆ ಹೋದೆ. ಆಚಾರ್ರು ರೇಡಿಯೋ ಹಾಕಿರಲಿಲ್ಲ. ‘ಏನಾಯ್ತಪ್ಪಾ ನಿನ್ ಪಂಚಾಯ್ತಿ’ ಎಂದು ಹಂಗಿಸುತ್ತಾರೆ, ತಲೆ ತಗ್ಗಿಸಿ ಕೇಳಿಸಿಕೊಳ್ಳೋಣ ಎಂದು ಸಿದ್ಧನಾಗಿ ಹೋಗಿದ್ದೆ. ಅವರು ಆ ಮಾತೇ ಎತ್ತಲಿಲ್ಲ. ಅರ್ಜಿ ತಂದಿದ್ದೀನೋ ಎಂದು ನನ್ನ ಕೈಚೀಲ ನೋಡಿದರು. ಅದರಲ್ಲಿ ಪತ್ರಿಕೆಗಳಿದ್ದವು.

ಯುದ್ಧಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಯಾರದು, ಅಸ್ತ್ರ ಪರೀಕ್ಷಕರ ಮಾತಿಗೆ ಎಷ್ಟು ಬೆಲೆ ಎಂಬ ಬಗ್ಗೆ ನಾನು ನೂರಕ್ಕೂ ಹೆಚ್ಚು ಪುಟ ಬರೆದೆ. ಒಳ್ಳೆಯ ಅಂಕ ಬಂತು. ಒಂದು ಪುಟದ ಅರ್ಜಿ ಬರೆಯಲಿಲ್ಲ. ನನ್ನ ಹಾಸ್ಟೆಲಿನಿಂದ ಆ ಜೈಲಿಗೆ ನಡೆದೇ ಹೋಗಬಹುದಿತ್ತು, ಒಂದು ದಿನವೂ ಹೋಗಿ ಅವರ ತಮ್ಮನನ್ನು ನೋಡಲಿಲ್ಲ. ಆ ವರ್ಷ ರಾಗಿ ಕುಯ್ಲು ಶುರುವಾಗುವ ಮೊದಲು ಅವನು ತೀರಿಕೊಂಡ. ಹೆಣ ತರಲು ಅಣ್ಣ ಒಬ್ಬರೇ ಹೋಗಿದ್ದರು. ನನಗೆ ಹೇಳಿ ಕಳಿಸಿರಲಿಲ್ಲ.

ಆಮೇಲೆ ಕುಲುಮೆಯಲ್ಲಿ ಒಂದು ಬದಲಾವಣೆ ಆಯಿತು. ಆಚಾರ್ರು ಸಾಮಾನನ್ನು ನೆಲಕ್ಕೆ ಇಡುವುದು ಬಿಟ್ಟರು. ಕಾವು ಮುಂದೆ ಮಾಡಿ ಗಿರಾಕಿಯ ಕೈಗೇ ಚಾಚುತ್ತಿದ್ದರು. ರೈತರು ಹೆದರಿ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. “ಮಡುಗಿ ಆಚಾರ್ರೇ ಕೆಳಿಕೆ, ನಮ್ಮಿಬ್ರಿಗ್ಯಾಕೆ ಜಗಳ” ಎಂದರೆ, “ಇಡ್ಕೊ. ಯಾರ್ ಕೊಟ್ರು ಅನ್ನದು ಗೊತ್ತಾಗ್ಬೇಕು” ಎನ್ನುತ್ತಿದ್ದರು. ಕೆಲವರು ಬರುವುದನ್ನೇ ನಿಲ್ಲಿಸಿ, ಕೊಳ್ಳೇಗಾಲದ ಅಂಗಡಿಗಳಲ್ಲಿ ರೆಡಿಮೇಡ್ ಮಚ್ಚು ಕೊಳ್ಳತೊಡಗಿದರು.

ಮಾರನೆಯ ವರ್ಷ, ಇರಾಕಿನಲ್ಲಿ ಹುಡುಕಿ ಹುಡುಕಿ ಕೊನೆಗೂ ಅಂಥ ಅಸ್ತ್ರಗಳು ಸಿಗಲಿಲ್ಲ ಎಂದು ಹುಡುಕಿದವರೇ ಒಪ್ಪಿಕೊಂಡ ಸುದ್ದಿ ಬಂತು. ನಾನು ಮೂರ್ಖನ ಹಾಗೆ ಪತ್ರಿಕೆ ಹಿಡಿದು ಕುಲುಮೆಗೆ ಓಡಿದೆ. ಓದಿ ಹೇಳಿದೆ. ಅವರು ಕಣ್ಣು ಕಿರಿದು ಮಾಡಿ ಬೆಂಕಿ ನೋಡುತ್ತಿದ್ದರು.

“ಈಗ ಇಲ್ಲ ಅಂತ ಏಳುದ್ರೆ ಸತ್ತೋರ್ ಯಾರ್ ಎದ್ಬತ್ತರೆ?” ಎಂದರು. ಅಷ್ಟೇ.

ಅವರು ಸತ್ತು ಕೆಲವು ವರ್ಷಗಳಾದವು. ನಾನು ಯಳಂದೂರಿನ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದೇನೆ, ಹುಡುಗರಿಗೆ ಅಂತಾರಾಷ್ಟ್ರೀಯ ಸಂಬಂಧಗಳನ್ನು ಪಾಠ ಮಾಡುತ್ತೇನೆ. ಭದ್ರತಾ ಮಂಡಳಿಯ ಅಧಿಕಾರಗಳು ಎಂಬ ಪಾಠ ಪ್ರತಿ ವರ್ಷ ಬರುತ್ತದೆ. ಅದನ್ನು ಹೇಳುವಾಗ ನನ್ನ ದನಿಯಲ್ಲಿ ಜೀವ ಇರುವುದಿಲ್ಲ, ಹುಡುಗರಿಗೂ ಅದು ಗೊತ್ತು. ಈಚೆಗೆ ಮತ್ತೆ ಅದೇ ಸುದ್ದಿಗಳು. ಬೇರೆ ದೇಶ, ನೆಲದಡಿ ಏನು ಬಚ್ಚಿಟ್ಟಿದ್ದಾರೆ ಎಂಬ ಅದೇ ಪ್ರಶ್ನೆ, ಪರೀಕ್ಷಕರು, ಬಾಂಬು. ‘ಸರ್, ಒಪ್ಪಿಗೆ ಬೇಕಲ್ವಾ?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪುಸ್ತಕದಲ್ಲಿ ಇರುವುದನ್ನು ಹೇಳಿ ತರಗತಿಯಿಂದ ಹೊರಬಂದೆ.

ಆ ವಾರವೇ ಕೊಳ್ಳೇಗಾಲದಲ್ಲಿ ವಕೀಲನಾಗಿರುವ ಹಳೆಯ ಸಹಪಾಠಿಯನ್ನು ಹಿಡಿದು, ಆ ಮೊಕದ್ದಮೆಯ ಕಡತದ ನಕಲಿಗೆ ಅರ್ಜಿ ಹಾಕಿಸಿದೆ. ಅರ್ಜಿ ಒಂದೇ ಪುಟ. ನಾನೇ ಬರೆದೆ, ಕಾಲು ಗಂಟೆಯೂ ಹಿಡಿಯಲಿಲ್ಲ. ತಿಂಗಳುಗಳ ನಂತರ ನಕಲು ಬಂತು. ಬಂದೂಕು ತಮ್ಮನ ಕೈಯಿಂದ ವಶವಾಯಿತೆಂದು ಅದರಲ್ಲಿದೆ. ‘ನಾನ್ ಮಾಡ್ದೆ ಸಾ’ ಎಂದು ಅಣ್ಣ ಕೂಗಿದ್ದು ಎಲ್ಲೂ ಇಲ್ಲ. ಆ ಅಂಗಳದಲ್ಲಿ ನಡೆದದ್ದೆಲ್ಲ ನಿಜವೇ ಎಂದು ನಾನು ಇಂದಿಗೂ ಪ್ರಮಾಣ ಮಾಡಿ ಹೇಳಲಾರೆ. ಆದರೆ ಕಡತದ ಕೊನೆಯಲ್ಲಿ, ಬಂದೂಕನ್ನು ಪರೀಕ್ಷಿಸಿದ ತಜ್ಞರ ಒಂದು ಹಾಳೆ ಇತ್ತು. ಅದರಲ್ಲಿರುವ ಸಂಗತಿಯನ್ನು ಆಚಾರ್ರು ನನಗೆ ಹೇಳಿರಲಿಲ್ಲ, ಅಥವಾ ಹೇಳಿದಾಗ ನಾನು ಕೇಳಿಸಿಕೊಂಡಿರಲಿಲ್ಲ. ನಾನು ಎರಡು ಸಲ ಓದಿದೆ, ವಕೀಲನಿಂದ ಜೋರಾಗಿ ಓದಿಸಿದೆ, ಮೂಲ ಕಡತಕ್ಕೆ ಹೋಲಿಸಿ ನೋಡಿಬಂದೆ. ಕೊಳವೆಯ ಹಿಂಬದಿ ಪೂರ್ತಿ ಮುಚ್ಚಿದೆ, ಮದ್ದಿಗೆ ಕಿಡಿ ತಗಲಿಸುವ ತೂತನ್ನು ಕೊರೆದೇ ಇಲ್ಲ, ಇದರಿಂದ ಗುಂಡು ಹಾರಿಲ್ಲ, ಹಾರುವುದೂ ಸಾಧ್ಯವಿಲ್ಲ ಎಂದು ಅದರಲ್ಲಿದೆ. ಆ ಹಾಳೆ ಕಡತಕ್ಕೆ ಸೇರಿದ್ದು ಅವರ ತಮ್ಮ ಜೈಲಿಗೆ ಹೋದ ಮೂರನೆಯ ತಿಂಗಳಲ್ಲಿ.